ಕ್ವೀನ್ಸ್ ಕ್ಲಬ್‌ನ ಹೆಣ್ಮಕ್ಕಳ ವಾರ: ಅಮ್ಮನ ಜೊತೆ ನೋಡಿದ ಟೆನಿಸ್

ಪ್ರತಿ ವರ್ಷ ಮೇ ತಿಂಗಳು ಬಂತು ಅಂದ್ರೆ ನನ್ನ ಫೋನಿಗೆ ಒಂದೇ ಪ್ರಶ್ನೆ ಬರುತ್ತೆ, ಇಲ್ಲಿರೋ ಕನ್ನಡದವರ ಗ್ರೂಪಿಂದ, ಬೆಂಗಳೂರಿಂದ, ಒಂದ್ಸಲ ಹುಬ್ಬಳ್ಳಿಯ ಹಳೇ ರೂಮ್‌ಮೇಟ್‌ನಿಂದ ಕೂಡ, "ಲಂಡನ್‌ಗೆ ಬರ್ತಿದೀವಿ, ವಿಂಬಲ್ಡನ್ ಟಿಕೆಟ್ ಹೆಂಗೆ ಸಿಗುತ್ತೆ?" ಅಂತ. ಮೊದ್ಲೆಲ್ಲಾ ಬ್ಯಾಲೆಟ್ (ಟಿಕೆಟ್‌ನ ಲಾಟರಿ) ಹೆಂಗೆ, ಕ್ಯೂ ಎಲ್ಲಿ, ಎಷ್ಟು ಗಂಟೆಗೆ ಹೋಗಿ ನಿಂತ್ಕೋಬೇಕು ಅಂತ ಉದ್ದುದ್ದ ಬರೆದು ಕಳಿಸ್ತಿದ್ದೆ. 2025ರ ಜೂನ್ ಆದ್ಮೇಲೆ ನನ್ನ ಉತ್ತರಾನೇ ಬದಲಾಗಿದೆ. ವಿಂಬಲ್ಡನ್ ಸಿಕ್ರೆ ಹೋಗಿ, ಬೇಡ ಅನ್ನಲ್ಲ, ಆದ್ರೆ ನಿಮಗೆ ನಿಜವಾಗ್ಲೂ ಹೆಣ್ಮಕ್ಕಳ ಟೆನಿಸ್ ನೋಡೋ ಆಸೆ ಇದ್ರೆ ಅದಕ್ಕಿಂತ ಎರಡು ಮೂರು ವಾರ ಮುಂಚೆ ಬಂದು ಕ್ವೀನ್ಸ್ ಕ್ಲಬ್‌ನಲ್ಲಿ ನೋಡಿ. ಯಾಕೆ ಅಂತ ಇಲ್ಲಿ ಒಂದೇ ಸಲ ಬರೆದುಬಿಡ್ತೀನಿ, ಇನ್ಮೇಲೆ ಕೇಳಿದವರಿಗೆ ಇದನ್ನೇ ಕಳಿಸಬಹುದು.

ಕ್ವೀನ್ಸ್ ಅಂದ್ರೆ ಟೆನಿಸ್ ನೋಡೋರಿಗೆ ಹೆಸರು ಗೊತ್ತಿರುತ್ತೆ, ಗಂಡಸರು ವಿಂಬಲ್ಡನ್‌ಗೆ ಮುಂಚೆ ಹುಲ್ಲಿನ ಮೇಲೆ ಆಡಿ ಅಭ್ಯಾಸ ಮಾಡ್ಕೊಳ್ಳೋ ಜಾಗ, ಬ್ರಿಟನ್ನಿನ ಆಟಗಾರ ಆಂಡಿ ಮರ್ರೆ ಐದು ಸಲ ಗೆದ್ದಿರೋದು ಇಲ್ಲೇ, ಈಗ ಮೇನ್ ಕೋರ್ಟಿಗೆ ಅವರ ಹೆಸರೇ ಇದೆ. ಪಶ್ಚಿಮ ಲಂಡನ್‌ನ ವೆಸ್ಟ್ ಕೆನ್ಸಿಂಗ್ಟನ್‌ನಲ್ಲಿ ಮನೆಗಳ ಮಧ್ಯೆ ಇರೋ ಹಳೇ ಕ್ಲಬ್, 1886ರಲ್ಲಿ ಶುರುವಾಗಿದ್ದು, ವಿಕ್ಟೋರಿಯಾ ರಾಣಿ ಮೊದಲ ಪೋಷಕಿ ಆಗಿದ್ದರಿಂದ ಆ ಹೆಸರು. ಹೆಸರಲ್ಲಿ ರಾಣಿ ಇದ್ರೂ ಐವತ್ತೆರಡು ವರ್ಷ ಅಲ್ಲಿ ಹೆಣ್ಮಕ್ಕಳ ಟೂರ್ನಮೆಂಟೇ ಇರಲಿಲ್ಲ! 1973ರಲ್ಲಿ ಸೋವಿಯತ್ ಆಟಗಾರ್ತಿ ಓಲ್ಗಾ ಮೊರೊಜೋವಾ ಅವರು ಆಸ್ಟ್ರೇಲಿಯಾದ ಇವಾನ್ ಗುಲಗಾಂಗ್ ಅವರನ್ನ ಸೋಲಿಸಿ ಗೆದ್ದಿದ್ದೇ ಕೊನೆ, ಆಮೇಲೆ 2025ರವರೆಗೂ ಬರೀ ಗಂಡಸರದ್ದೇ. ಇನ್ನೊಂದು ವಿಷಯ ಹೇಳ್ಬೇಕು, ಅದೇ 1973ರ ಜೂನ್‌ನಲ್ಲಿ ಅಮೆರಿಕದ ಆಟಗಾರ್ತಿ ಬಿಲ್ಲಿ ಜೀನ್ ಕಿಂಗ್ ಅವರು ಬೇರೆ ಆಟಗಾರ್ತಿಯರನ್ನೆಲ್ಲಾ ಒಂದು ರೂಮಲ್ಲಿ ಸೇರಿಸಿ ಡಬ್ಲ್ಯುಟಿಎ ಅನ್ನೋ ಸಂಘ ಕಟ್ಟಿದ್ದು ಗ್ಲಾಸ್ಟರ್ ಹೋಟೆಲ್‌ನಲ್ಲಿ, ಅಂದ್ರೆ ಕ್ವೀನ್ಸ್‌ನಿಂದ ಟ್ಯೂಬಲ್ಲಿ (ಲಂಡನ್ನಿನ ಮೆಟ್ರೋ) ಎರಡೇ ಸ್ಟೇಷನ್ ಆಚೆ. ಸಂಘ ಹುಟ್ಟಿದ ಊರಲ್ಲಿ, ಹುಟ್ಟಿದ ವರ್ಷವೇ, ಇಷ್ಟು ಹತ್ತಿರದಲ್ಲಿ ಅವರ ಟೂರ್ನಮೆಂಟ್ ನಿಂತುಹೋಯ್ತು ಅನ್ನೋದು ನನಗೆ ಓದಿದಾಗಿಂದ ಮನಸ್ಸಲ್ಲೇ ಕೂತಿದೆ.

ಈಗಿರೋದು ಡಬ್ಲ್ಯುಟಿಎ 500 ದರ್ಜೆ. ಹೊಸಬರಿಗೆ ಹೇಳೋದಾದ್ರೆ ಆ ನಂಬರ್ ಗೆದ್ದವರಿಗೆ ಸಿಗೋ ರ‍್ಯಾಂಕಿಂಗ್ ಪಾಯಿಂಟ್, ಗ್ರ್ಯಾಂಡ್ ಸ್ಲಾಮ್‌ಗೆ (ವಿಂಬಲ್ಡನ್ ಥರದ ನಾಲ್ಕು ದೊಡ್ಡ ಟೂರ್ನಮೆಂಟ್) 2000, ಅದರ ಕೆಳಗೆ 1000, ಆಮೇಲೆ 500, ಆಮೇಲೆ 250. ಸಿಂಗಲ್ಸ್ ಮೇನ್ ಡ್ರಾದಲ್ಲಿ, ಅಂದ್ರೆ ಮುಖ್ಯ ಪಟ್ಟೀಲಿ, 28 ಜನ ಅಷ್ಟೇ. ಇದು ಕಮ್ಮಿ ಅನ್ಸಬಹುದು ಆದ್ರೆ ನೋಡೋರಿಗೆ ಇದೇ ಲಾಭ, ವಿಂಬಲ್ಡನ್‌ನಲ್ಲಿ 128 ಜನ ಇರ್ತಾರೆ, ಮೊದಲ ಎರಡು ದಿನ ಯಾರನ್ನ ನೋಡ್ಬೇಕು ಯಾರನ್ನ ಬಿಡಬೇಕು ಅಂತಾನೇ ತಲೆ ಕೆಡುತ್ತೆ, ಇಲ್ಲಿ 28ರಲ್ಲಿ ಸುಮಾರು ಎಲ್ರೂ ಹೆಸರು ಕೇಳಿದವರೇ, ಸುಮ್ನೆ ಯಾವ ಮ್ಯಾಚಿಗೆ ಕೂತ್ರೂ ಗಟ್ಟಿ ಮ್ಯಾಚೇ.

ನಮ್ಮಮ್ಮ ಮೈಸೂರಿಂದ ಬಂದಿದ್ರು ಆಗ. ಅವರನ್ನ ಎಲ್ಲಿಗೆ ಕರ್ಕೊಂಡು ಹೋಗ್ಲಿ ಅನ್ನೋದೇ ಯೋಚನೆ, ಅರಮನೆ ಗಡಿಯಾರ ಎಲ್ಲಾ ಹೋದ ಸಲವೇ ಆಗಿತ್ತು, ಥೇಮ್ಸ್ ದಂಡೇಲಿರೋ ಬಸವಣ್ಣನವರ ಪ್ರತಿಮೆಗೆ ಎರಡನೇ ಸಲ ಹೋಗಿ ಕೈ ಮುಗಿದು ಬಂದಿದ್ವಿ. ಅಮ್ಮ ಕಾಲೇಜಲ್ಲಿ ಬಾಲ್ ಬ್ಯಾಡ್ಮಿಂಟನ್ ಆಡಿದವರು, ಟೀಮಲ್ಲಿದ್ರು, ಮದುವೆ ಆದ್ಮೇಲೆ ಬ್ಯಾಟ್ ಮುಟ್ಟಲಿಲ್ಲ. ಟೆನಿಸ್ ಟಿವಿಲಿ ಬಂದ್ರೆ ಒಂದು ಕಣ್ಣು ಹಾಕ್ತಾರೆ, ಪಾಯಿಂಟ್ 15, 30, 40 ಯಾಕೆ ಹಿಂಗೆ ಅಂತ ಪ್ರತಿ ಸಲ ಕೇಳ್ತಾರೆ. ಸರಿ ಇವರನ್ನೇ ಕರ್ಕೊಂಡು ಹೋಗೋಣ ಅಂತ ಜೂನ್ 13ನೇ ತಾರೀಖು ಶುಕ್ರವಾರದ್ದು ಎರಡು ಟಿಕೆಟ್ ತಗೊಂಡೆ, ಕ್ವಾರ್ಟರ್ ಫೈನಲ್ ದಿನ. ಈ ದಿನಾನೇ ಯಾಕೆ ಅಂದ್ರೆ ಫೈನಲ್ ದಿನ ಸಿಂಗಲ್ಸ್‌ದು ಒಂದೇ ಮ್ಯಾಚ್, ಒಂದೇ ಕಡೆ ವಾಲಿಬಿಟ್ರೆ ಒಂದು ಗಂಟೇಲಿ ಮುಗಿದುಹೋಗುತ್ತೆ, ಕ್ವಾರ್ಟರ್ ಫೈನಲ್ ದಿನ ಉಳಿದಿರೋ ಎಂಟು ಜನಾನೂ ಅವತ್ತೇ ಆಡ್ತಾರೆ, ಎಲ್ರೂ ಫಾರ್ಮಲ್ಲಿರೋರು. ಯಾವುದೇ ಟೂರ್ನಮೆಂಟಾದ್ರೂ ನಾನು ಇದನ್ನೇ ಹೇಳೋದು, ಒಂದೇ ದಿನ ಹೋಗೋಕೆ ಆಗೋದು ಅಂದ್ರೆ ಕ್ವಾರ್ಟರ್ ಫೈನಲ್‌ಗೆ ಹೋಗಿ.

ಟಿಕೆಟ್ ವಿಷಯ. ಬ್ರಿಟನ್ನಿನ ಟೆನಿಸ್ ಸಂಸ್ಥೆ ಎಲ್‌ಟಿಎ ಇದನ್ನ ನಡೆಸೋದು, ಅವರ ವೆಬ್‌ಸೈಟಲ್ಲೇ ತಗೊಳ್ಳಿ, ಬೇರೆ ಎಲ್ಲೂ ಬೇಡ. ಇದನ್ನ ಒತ್ತಿ ಹೇಳೋಕೆ ಕಾರಣ ಇದೆ, ಅದಕ್ಕೆ ಹಿಂದಿನ ವರ್ಷ ಬೇರೊಂದು ಟೂರ್ನಮೆಂಟಿಗೆ ಒಂದು ಮರುಮಾರಾಟದ ಸೈಟಲ್ಲಿ ದುಡ್ಡು ಕಟ್ಟಿ, ಹಿಂದಿನ ರಾತ್ರಿವರೆಗೂ ಟಿಕೆಟ್ ಬರದೆ, ಕೊನೆಗೆ ಬರಲೇ ಇಲ್ಲ, ದುಡ್ಡು ವಾಪಸ್ ತರೋಕೆ ಎರಡು ತಿಂಗಳು ಹಿಡೀತು, ಮಗ ಅವತ್ತು ಕ್ಯಾಪ್ ಹಾಕ್ಕೊಂಡು ರೆಡಿಯಾಗಿ ಕೂತಿದ್ದ ಪಾಪ. ಹಂಗಾಗಿ ನೇರವಾಗಿ ತಗೊಳ್ಳಿ, ಬೇಗ ತಗೊಳ್ಳಿ.

ಹೋಗೋದು ಎಷ್ಟು ಸುಲಭ ಅಂದ್ರೆ, ನಾವಿರೋದು ಹೌನ್ಸ್‌ಲೋ ಕಡೆ, ಪಿಕ್ಕಡಿಲಿ ಲೈನ್ ಹತ್ತಿದ್ರೆ ನೇರ ಬ್ಯಾರನ್ಸ್ ಕೋರ್ಟ್ ಸ್ಟೇಷನ್, ಎಲ್ಲೂ ಬದಲಾಯಿಸೋ ಹಂಗಿಲ್ಲ. ಇಳಿದು ಹೊರಗೆ ಬಂದ್ರೆ ಐದು ನಿಮಿಷ ನಡಿಗೆ ಅಷ್ಟೇ, ದಾರಿ ಕೇಳೋದೂ ಬೇಡ, ಜನ ಹೋಗೋ ಕಡೆ ಹೋದ್ರಾಯ್ತು. ವಿಂಬಲ್ಡನ್‌ಗೆ ಸೌತ್‌ಫೀಲ್ಡ್ಸ್‌ನಲ್ಲಿ ಇಳಿದು ಕಾಲು ಗಂಟೆ ನಡೀಬೇಕು, ಅಮ್ಮನ ಮಂಡಿಗೆ ಅದು ದೂರ. ಸ್ಟೇಷನ್ನೂ ಹಳೇ ಕಾಲದ್ದು, ಚೆಂದ ಇದೆ, ಅಮ್ಮ ಅಲ್ಲೇ ನಿಂತು ಗೋಡೆ ನೋಡ್ತಿದ್ರು, ನಾನು "ಅಮ್ಮ ಬಾ, ಶುರುವಾಗಿಬಿಡುತ್ತೆ" ಅಂತ ಎಳ್ಕೊಂಡು ಹೋದೆ.

ಗೇಟಲ್ಲಿ ಬ್ಯಾಗ್ ತೆಗೆದು ನೋಡಿದ್ರು, ನಮ್ಮ ಸ್ಟೀಲ್ ಡಬ್ಬೀಲಿ ಚಿತ್ರಾನ್ನ, ಇನ್ನೊಂದರಲ್ಲಿ ಚಪಾತಿ ಪಲ್ಯ ಸುತ್ತಿಟ್ಟಿದ್ದು, ನೋಡಿ ಮುಚ್ಚಿ ಕೊಟ್ರು, ಏನೂ ತಕರಾರಿಲ್ಲ. ಇದು ದೊಡ್ಡ ವಿಷಯ ನಮ್ಮಂಥವರಿಗೆ. ಒಳಗಡೆ ತಿನ್ನೋಕೆ ಏನಿದೆ ಅಂದ್ರೆ ಎಲ್ಲಾ ಇದೆ, ಸ್ಟ್ರಾಬೆರಿ ಕ್ರೀಮ್, ಪಿಮ್ಸ್ ಅನ್ನೋ ಡ್ರಿಂಕ್ಸ್, ಬರ್ಗರ್, ಪಿಜ್ಜಾ ಥರದ್ದು, ಬೆಲೆ ಲಂಡನ್ ಬೆಲೆನೇ. ಸಸ್ಯಾಹಾರಿಗಳು ಮನೆಯಿಂದ ತಗೊಂಡು ಹೋಗೋದೇ ವಾಸಿ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಮೇನ್ ಕೋರ್ಟ್ ಒಂಬತ್ತು ಸಾವಿರದ ಆಸುಪಾಸು ಜನ ಹಿಡಿಯುತ್ತೆ, ವಿಂಬಲ್ಡನ್ ಸೆಂಟರ್ ಕೋರ್ಟ್ ಸುಮಾರು ಹದಿನೈದು ಸಾವಿರ. ಬರೀ ನಂಬರ್ ಅಲ್ಲ ಇದು, ಇಲ್ಲಿ ಹಿಂದಿನ ಸಾಲಲ್ಲಿ ಕೂತ್ರೂ ಆಟಗಾರ್ತಿಯ ಮುಖ ಕಾಣುತ್ತೆ, ಅದಕ್ಕಿಂತ ಹೆಚ್ಚಾಗಿ ಸದ್ದು ಕೇಳುತ್ತೆ. ಟಿವಿಲಿ ಟೆನಿಸ್ ನೋಡಿದವರಿಗೆ ಈ ಸದ್ದಿನ ವಿಷಯ ಗೊತ್ತೇ ಆಗಲ್ಲ. ಜೋರಾಗಿ ಹೊಡೆದ ಫ್ಲ್ಯಾಟ್ ಶಾಟ್‌ಗೆ ಪಟ್ ಅಂತ ಒಂದು ಪಟಾಕಿ ಸದ್ದು, ಬಾಲ್‌ನ ಕೊಯ್ದ ಹಾಗೆ ಸ್ಲೈಸ್ ಮಾಡಿದ್ರೆ ಸರ್ ಅಂತ ಬಟ್ಟೆ ಹರಿದ ಹಾಗೆ. ಹುಲ್ಲಿನ ಮೇಲೆ ಬಾಲ್ ಬಿದ್ದಾಗ ಸದ್ದೇ ಇಲ್ಲ, ಮೆತ್ತಗೆ, ಓಡಿ ಬರೋ ಹೆಜ್ಜೆಯ ಸದ್ದೂ ಇಲ್ಲ, ಹಂಗಾಗಿ ಆ ರಾಕೆಟ್ಟಿನ ಸದ್ದು ಇನ್ನೂ ಎದ್ದು ಕೇಳುತ್ತೆ.

ಅವತ್ತು ಜನ ಬಂದಿದ್ದು ಎಮ್ಮಾ ರಾಡುಕಾನು ಸಲುವಾಗಿ, ಅದರಲ್ಲಿ ಎರಡು ಮಾತಿಲ್ಲ. ಲಂಡನ್ನಿನ ಹುಡುಗಿ, 2021ರಲ್ಲಿ ಕ್ವಾಲಿಫೈಯರ್ ಆಗಿ, ಅಂದ್ರೆ ಅರ್ಹತಾ ಸುತ್ತು ಆಡಿ ಬಂದು ಯುಎಸ್ ಓಪನ್ ಗೆದ್ದವರು. ಎದುರಿಗೆ ಚೀನಾದ ಝೆಂಗ್ ಚಿನ್‌ವೆನ್, ಟಾಪ್ ಸೀಡ್ (ಆ ಟೂರ್ನಮೆಂಟಿನ ಮೊದಲ ಶ್ರೇಯಾಂಕ), ಪ್ಯಾರಿಸ್ ಒಲಿಂಪಿಕ್ಸ್ ಚಿನ್ನ ಗೆದ್ದವರು. ಜನ ಎಷ್ಟು ಕೂಗಿದ್ರೂ 6-2, 6-4ರಲ್ಲಿ ಝೆಂಗ್ ಗೆದ್ರು. ರಾಡುಕಾನು ಬೆನ್ನಿಗೆ ಚಿಕಿತ್ಸೆ ತಗೊಂಡು ಆಡ್ತಿದ್ರು, ನೋಡೋಕೇ ಸಂಕಟ ಆಗ್ತಿತ್ತು, ಸರ್ವ್ ಹಾಕುವಾಗ ಮೈ ಬಗ್ಗಿಸೋಕೆ ಹಿಂಜರೀತಿದ್ದಾರೆ ಅಂತ ನನಗನ್ನಿಸ್ತು. ಅದರ ಬಗ್ಗೆ ಜಾಸ್ತಿ ಬರೆಯಲ್ಲ, ಪೇಪರ್ ತುಂಬಾ ಅದೇ ಇತ್ತು.

ನಾನು ಬರೀಬೇಕಾಗಿರೋದು ತಾತ್ಯಾನಾ ಮರಿಯಾ ಬಗ್ಗೆ.

ಜರ್ಮನಿಯವರು, ಆಗ ವಯಸ್ಸು 37, ರ‍್ಯಾಂಕಿಂಗ್ 86, ಇಬ್ಬರು ಹೆಣ್ಣುಮಕ್ಕಳ ತಾಯಿ. ಇಲ್ಲಿಗೆ ಬರೋ ಮುಂಚೆ ಸತತವಾಗಿ ಒಂಬತ್ತು ಮ್ಯಾಚ್ ಸೋತು ಬಂದಿದ್ರು. ಮೇನ್ ಡ್ರಾದಲ್ಲಿ ಜಾಗ ಇಲ್ಲದೆ ಕ್ವಾಲಿಫೈಯಿಂಗ್ ಆಡಿ ಎರಡು ಮ್ಯಾಚ್ ಗೆದ್ದು ಒಳಗೆ ಬಂದ್ರು, ಆಮೇಲೆ ಲೇಲಾ ಫರ್ನಾಂಡಿಸ್ ಅವರನ್ನ ಸೋಲಿಸಿದ್ರು, ಕರೋಲಿನಾ ಮುಚೋವಾ ವಿರುದ್ಧ ಮೊದಲ ಸೆಟ್ ಕಳ್ಕೊಂಡು, ಎರಡನೇದು 7-5ರಲ್ಲಿ ಕಿತ್ಕೊಂಡು, ಮೂರನೇದು 6-1. ಶುಕ್ರವಾರ ಎದುರಿಗೆ ಇದ್ದಿದ್ದು ಎಲೆನಾ ರೈಬಾಕಿನಾ, 2022ರ ವಿಂಬಲ್ಡನ್ ಚಾಂಪಿಯನ್, ಹೆಣ್ಮಕ್ಕಳಲ್ಲಿ ಎಲ್ಲಕ್ಕಿಂತ ಭಯಂಕರ ಸರ್ವ್ ಇರೋ ಕೆಲವೇ ಜನರಲ್ಲಿ ಒಬ್ರು. ನಾನು ಅಮ್ಮನಿಗೆ ಮೊದಲೇ ಹೇಳಿಬಿಟ್ಟಿದ್ದೆ, ಆ ಎತ್ತರದ ಹುಡುಗಿ ಗೆಲ್ತಾಳೆ ನೋಡು ಅಂತ.

ಮರಿಯಾ ಅವರ ಆಟ ಹೆಂಗಿದೆ ಅಂದ್ರೆ, ಈಗಿನ ಕಾಲದಲ್ಲಿ ಹಂಗೆ ಆಡೋರು ಯಾರೂ ಇಲ್ಲ ಅಂತಾನೇ ಹೇಳಬಹುದು. ಎಲ್ರೂ ಬಾಲ್‌ನ ಕೆಳಗಿಂದ ಮೇಲಕ್ಕೆ ಉಜ್ಜಿ ಟಾಪ್‌ಸ್ಪಿನ್ ಹೊಡೀತಾರೆ, ಬಾಲ್ ಬಿದ್ದು ಎದೆ ಎತ್ತರಕ್ಕೆ ಪುಟಿಯುತ್ತೆ. ಇವರು ಮೇಲಿಂದ ಕೆಳಕ್ಕೆ ಕೊಯ್ತಾರೆ, ಬ್ಯಾಕ್‌ಹ್ಯಾಂಡ್ ಅಷ್ಟೇ ಅಲ್ಲ, ಫೋರ್‌ಹ್ಯಾಂಡ್ ಕೂಡ ಸ್ಲೈಸ್, ಅದು ಬಲು ಅಪರೂಪ. ಬಾಲ್ ಹಿಂದಕ್ಕೆ ಸುತ್ತುತ್ತಾ ಬಂದು ಹುಲ್ಲಿಗೆ ಬಿದ್ರೆ ಪುಟಿಯೋದೇ ಇಲ್ಲ, ಜಾರಿಕೊಂಡು ಹೋಗುತ್ತೆ, ಪಾದದ ಹತ್ತಿರ. ಮಣ್ಣಿನ ಕೋರ್ಟಲ್ಲಾದ್ರೆ ಮಣ್ಣು ಬಾಲ್‌ನ ಹಿಡಿದು ನಿಧಾನ ಮಾಡಿ ಮೇಲಕ್ಕೆ ಎತ್ತುತ್ತೆ, ಹುಲ್ಲು ಹಿಡಿಯಲ್ಲ. ಆರಡಿ ಎತ್ತರದ ರೈಬಾಕಿನಾ ಪ್ರತಿ ಬಾಲ್‌ಗೂ ಮಂಡಿ ಬಗ್ಗಿಸಿ ನೆಲದಿಂದ ಎತ್ತಬೇಕು, ಎತ್ತಿದ್ರೆ ನೆಟ್ ದಾಟಿಸೋಕೆ ಮೇಲಕ್ಕೆ ಹೊಡೀಬೇಕು, ಮೇಲಕ್ಕೆ ಹೊಡೆದ್ರೆ ಜೋರು ಕಮ್ಮಿ ಮಾಡ್ಬೇಕು, ಇಲ್ಲ ಅಂದ್ರೆ ಔಟು. ಅವರ ದೊಡ್ಡ ಶಕ್ತಿ ಏನಿತ್ತೋ ಅದನ್ನ ಬಳಸೋಕೇ ಬಿಡ್ಲಿಲ್ಲ.

ಅಮ್ಮ ಮೂರನೇ ಗೇಮಲ್ಲೇ ನನ್ನ ಕೈ ಹಿಡಿದು, "ಏ ನೋಡೇ ಇಲ್ಲಿ, ಈರುಳ್ಳಿ ಹೆಚ್ಚಿದ ಹಾಗೆ ಹೆಚ್ಚುತಾ ಇದಾಳೆ" ಅಂದ್ರು. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಇಂಗ್ಲಿಷ್ ಹೆಂಗಸು ಏನಂದ್ರು ಅಂತ ಕೇಳಿದ್ರು, ನಾನು ಹೇಳಿದೆ, ಅವರಿಗೆ ಎಷ್ಟು ಖುಷಿ ಆಯ್ತು ಅಂದ್ರೆ ಆಮೇಲೆ ಪ್ರತಿ ಸ್ಲೈಸಿಗೂ ಅಮ್ಮನ ಕಡೆ ತಿರುಗಿ ಕೈಯಲ್ಲಿ ಹೆಚ್ಚೋ ಹಾಗೆ ಮಾಡಿ ತೋರಿಸ್ತಿದ್ರು. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದ್ರೂ ಇಬ್ಬರೂ ಸೇರಿ ಪೂರ್ತಿ ಮ್ಯಾಚ್ ಮಾತಾಡ್ಕೊಂಡೇ ನೋಡಿದ್ರು. ಬಾಲ್ ಬ್ಯಾಡ್ಮಿಂಟನ್ನಲ್ಲೂ ಬಾಲ್ ಕಟ್ ಮಾಡಿ ನೆಟ್ ಹತ್ತಿರ ಬೀಳಿಸೋದು ಅಮ್ಮನಿಗೆ ಗೊತ್ತಿದ್ದ ಆಟ ಅಂತೆ, ನನಗೆ ಇದು ಅವತ್ತೇ ತಿಳಿದಿದ್ದು, ನಲವತ್ತು ವರ್ಷದಲ್ಲಿ ಒಂದ್ಸಲಾನೂ ಹೇಳಿರಲಿಲ್ಲ.

6-4, 7-6, ಮರಿಯಾನೇ ಗೆದ್ರು. ಎರಡನೇ ಸೆಟ್ 6-6 ಆಗಿ ಟೈಬ್ರೇಕಿಗೆ ಹೋದಾಗ ಜನರೆಲ್ಲಾ ಮರಿಯಾ ಕಡೆಗೇ ಆಗಿಬಿಟ್ಟಿದ್ರು. ಅವರ ಗಂಡನೇ ಅವರ ಕೋಚ್, ದೊಡ್ಡ ಮಗಳು ಶಾರ್ಲೆಟ್ 2013ರ ಡಿಸೆಂಬರಲ್ಲಿ ಹುಟ್ಟಿದ್ದು, ಚಿಕ್ಕವಳು ಸಿಸಿಲಿಯಾ 2021ರಲ್ಲಿ, ಇಡೀ ಸಂಸಾರ ಜೊತೇಲೇ ಊರೂರು ತಿರುಗುತ್ತೆ. ಇನ್ನೂ ಒಂದು ಅಚ್ಚರಿ ಇದೆ, ಮೊದಲ ಮಗು ಆಗೋ ಮುಂಚೆ ಅವರು ಎಲ್ರ ಥರ ಎರಡು ಕೈಯ ಬ್ಯಾಕ್‌ಹ್ಯಾಂಡ್ ಆಡ್ತಿದ್ರು, ಬಸುರಿಯಾಗಿದ್ದಾಗ ಗಂಡ ಹೇಳಿ ಒಂದು ಕೈಗೆ ಬದಲಾಯಿಸಿಕೊಂಡ್ರು. ಇಪ್ಪತ್ತಾರು ವಯಸ್ಸಿಗೆ, ವೃತ್ತಿಪರ ಆಟಗಾರ್ತಿ, ಪೂರ್ತಿ ಹೊಡೆತಾನೇ ಹೊಸದಾಗಿ ಕಲಿಯೋದು ಅಂದ್ರೆ ಬಲಗೈ ಬಿಟ್ಟು ಎಡಗೈಯಲ್ಲಿ ಬರೆಯೋದು ಕಲಿತ ಹಾಗೆ. ಅದಕ್ಕೂ ಮುಂಚೆ 2008ರಲ್ಲಿ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿ ಜೀವಕ್ಕೇ ಅಪಾಯ ಆಗಿತ್ತು. 2022ರಲ್ಲಿ ವಿಂಬಲ್ಡನ್ ಸೆಮಿಫೈನಲ್ ಆಡಿದಾಗ ಚಿಕ್ಕ ಮಗುವಿಗೆ ಇನ್ನೂ ಒಂದೂಕಾಲು ವರ್ಷ. ಇದನ್ನೆಲ್ಲಾ ನಾನು ಮ್ಯಾಚ್ ಮಧ್ಯೆ ಸೈಡ್ ಬದಲಾಯಿಸುವಾಗ ಅಮ್ಮನಿಗೆ ಸ್ವಲ್ಪ ಸ್ವಲ್ಪ ಹೇಳ್ತಿದ್ದೆ. ಇಬ್ಬರು ಮಕ್ಕಳು ಅಂದಾಗ ಅಮ್ಮ ಏನೂ ಮಾತಾಡ್ಲಿಲ್ಲ, ಸ್ವಲ್ಪ ಹೊತ್ತು ಬಿಟ್ಟು "ಮಕ್ಕಳನ್ನ ಯಾರು ನೋಡ್ಕೋತಾರೆ ಆಡುವಾಗ?" ಅಂತ ಕೇಳಿದ್ರು. ಅಲ್ಲೇ ಇರ್ತಾರೆ ಅಮ್ಮ, ನೋಡ್ತಾ ಇರ್ತಾರೆ ಅಂದೆ.

ಅಲ್ಲಿಂದ ಮುಂದೆ ಆಗಿದ್ದು ಟಿವಿಲಿ ನೋಡಿದ್ದು. ಸೆಮಿಫೈನಲ್‌ನಲ್ಲಿ ಮ್ಯಾಡಿಸನ್ ಕೀಸ್, ಅದೇ ವರ್ಷ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದವರು, ಅವರೂ 6-3, 7-6ರಲ್ಲಿ ಸೋತು ಹೋದ್ರು. ಭಾನುವಾರ ಫೈನಲ್ ಅಮಾಂಡಾ ಅನಿಸಿಮೋವಾ ವಿರುದ್ಧ, ಬಿಬಿಸಿಲಿ ಬರ್ತಿತ್ತು, ಅಮ್ಮ ಬಿಸಿಬೇಳೆಬಾತ್ ಒಲೆ ಮೇಲೆ ಇಟ್ಟು ಸೋಫಾದಿಂದ ಏಳಲೇ ಇಲ್ಲ, ನಾನೇ ಹೋಗಿ ಕೈಯಾಡಿಸಬೇಕಾಯ್ತು. 6-3, 6-4, ಮರಿಯಾ ಗೆದ್ರು. ಸೆರೀನಾ ವಿಲಿಯಮ್ಸ್ 2020ರಲ್ಲಿ ಆಕ್ಲೆಂಡ್ ಗೆದ್ದ ಮೇಲೆ ಡಬ್ಲ್ಯುಟಿಎ ಸಿಂಗಲ್ಸ್ ಗೆದ್ದವರಲ್ಲಿ ಇವರೇ ಹಿರಿಯರು, 500 ದರ್ಜೆಯಲ್ಲಂತೂ ಅಲ್ಲಿವರೆಗೆ ಗೆದ್ದ ಎಲ್ಲರಿಗಿಂತ ಹಿರಿಯರು. ಒಂದೇ ವಾರಕ್ಕೆ ರ‍್ಯಾಂಕಿಂಗ್ 86ರಿಂದ 43ಕ್ಕೆ ಬಂತು. ಐವತ್ತೆರಡು ವರ್ಷದ ನಂತರದ ಮೊದಲ ಚಾಂಪಿಯನ್ ಯಾರೋ ಹತ್ತೊಂಬತ್ತರ ಹುಡುಗಿ ಆಗಿದ್ರೂ ನಾನು ಚಪ್ಪಾಳೆ ಹೊಡೀತಿದ್ದೆ, ಆದ್ರೆ ಇವರಾಗಿದ್ದು ನನಗೆ ಇನ್ನೂ ಸರಿಯಾಗಿ ಕಂಡಿತು.

ಈಗ ಕೇಳಬಹುದು, ಆಟ ಚೆನ್ನಾಗಿದ್ದಿದ್ದಕ್ಕೆ ಟೂರ್ನಮೆಂಟ್‌ಗೆ ಯಾಕೆ ಮಾರ್ಕ್ಸ್ ಕೊಡ್ತೀಯಾ ಅಂತ. ಕೊಡಲೇಬೇಕು, ಯಾಕಂದ್ರೆ ಆ ವಾರ ಅಲ್ಲಿ ಹೆಣ್ಮಕ್ಕಳ ಆಟವೇ ಆಟ. ಗ್ರ್ಯಾಂಡ್ ಸ್ಲಾಮ್‌ಗಳಲ್ಲಿ ಏನಾಗುತ್ತೆ ಅಂದ್ರೆ ದೊಡ್ಡ ಕೋರ್ಟಲ್ಲಿ ಎಷ್ಟೋ ಸಲ ಹೆಣ್ಮಕ್ಕಳ ಮ್ಯಾಚ್ ಮೊದಲು ಹಾಕ್ತಾರೆ, ಜನ ಇನ್ನೂ ಊಟ ಮುಗಿಸಿ ಬರ್ತಾ ಇರ್ತಾರೆ, ಅರ್ಧ ಸೀಟು ಖಾಲಿ, ಆಮೇಲೆ ಗಂಡಸರದ್ದು ಶುರುವಾದಾಗ ತುಂಬುತ್ತೆ. ಪ್ಯಾರಿಸ್‌ನ ಫ್ರೆಂಚ್ ಓಪನ್‌ನಲ್ಲಿ ರಾತ್ರಿ ಮ್ಯಾಚ್ ಬಹುತೇಕ ಗಂಡಸರಿಗೇ ಕೊಡ್ತಾರೆ ಅನ್ನೋ ವಿಷಯಕ್ಕೆ ಎಷ್ಟು ವರ್ಷದಿಂದ ಜಗಳ ನಡೀತಿದೆ ಅಂತ ಟೆನಿಸ್ ನೋಡೋರಿಗೆ ಗೊತ್ತು. ಇಲ್ಲಿ ಹಂಗಿಲ್ಲ. ಬಂದವರೆಲ್ಲಾ ಇವರನ್ನ ನೋಡೋಕೇ ಬಂದವರು, ಚಿಕ್ಕ ಚಿಕ್ಕ ಹುಡುಗೀರು ದೊಡ್ಡ ಬಾಲ್ ಹಿಡ್ಕೊಂಡು ಸಹಿಗೆ ಓಡ್ತಿದ್ರು, ಅಪ್ಪಂದಿರು ಹೆಣ್ಣುಮಕ್ಕಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಪ್ರ್ಯಾಕ್ಟೀಸ್ ಕೋರ್ಟ್ ಹತ್ತಿರ ನಿಂತಿದ್ರು. ಆ ಪ್ರ್ಯಾಕ್ಟೀಸ್ ಕೋರ್ಟ್ ತಪ್ಪಿಸ್ಕೋಬೇಡಿ. ಮ್ಯಾಚಲ್ಲಿ ಕಾಣದೇ ಇರೋದು ಅಲ್ಲಿ ಕಾಣುತ್ತೆ, ಒಂದೇ ರಿಟರ್ನ್ ಇಪ್ಪತ್ತು ಸಲ ಆಡೋದು, ಕೋಚ್ ಜೊತೆ ವಾದ ಮಾಡೋದು, ಹುಲ್ಲಲ್ಲಿ ಜಾರದ ಹಾಗೆ ಚಿಕ್ಕ ಚಿಕ್ಕ ಹೆಜ್ಜೆ ಇಟ್ಟು ಅಭ್ಯಾಸ ಮಾಡೋದು.

ನನಗೆ ಹಿಂಗೆ ಅನ್ನಿಸಿದ್ದು ಜೀವನದಲ್ಲಿ ಇನ್ನೊಂದೇ ಸಲ, ಅದು 2008ರ ಮಾರ್ಚ್, ಬೆಂಗಳೂರು. ಕಬ್ಬನ್ ಪಾರ್ಕ್ ಒಳಗಿರೋ ಕೆಎಸ್‌ಎಲ್‌ಟಿಎ (ಕರ್ನಾಟಕದ ಟೆನಿಸ್ ಸಂಸ್ಥೆ) ಸ್ಟೇಡಿಯಂ, ಬೆಂಗಳೂರು ಓಪನ್, ಸೆಮಿಫೈನಲ್‌ನಲ್ಲಿ ಅಕ್ಕ ತಂಗಿ, ವೀನಸ್ ಮತ್ತೆ ಸೆರೀನಾ. ಕಾಲೇಜಿಂದ ನಾಲ್ಕು ಜನ ಹುಡುಗೀರು ಹೋಗಿದ್ವಿ. 6-3, 3-6, 7-6, ಸೆರೀನಾ ಮ್ಯಾಚ್ ಪಾಯಿಂಟ್ ಉಳಿಸ್ಕೊಂಡು ಗೆದ್ರು, ಮಾರನೇ ದಿನ ಫೈನಲ್‌ನಲ್ಲಿ ಪ್ಯಾಟಿ ಶ್ನೈಡರ್ ಅವರನ್ನೂ ಸೋಲಿಸಿದ್ರು. ನಮ್ಮೂರ ಮರಗಳ ಮಧ್ಯೆ, ವಿಲಿಯಮ್ಸ್ ಅಕ್ಕ ತಂಗಿ ಮೂರು ಸೆಟ್ ಆಡಿದ್ದು ಈಗ ಯಾರಿಗಾದ್ರೂ ಹೇಳಿದ್ರೆ ನಂಬಲ್ಲ. ಆಮೇಲೆ ಆ ಟೂರ್ನಮೆಂಟ್ ಬೆಂಗಳೂರಲ್ಲಿ ಮುಂದುವರೀಲಿಲ್ಲ, ನನಗೆ ಅದರ ಬೇಜಾರು ಇವತ್ತಿಗೂ ಇದೆ. ಒಂದು ಊರಿಗೆ ಇಂಥದ್ದು ಬಂದು ಹೋಗಿಬಿಟ್ರೆ ಎಷ್ಟು ಹುಡುಗೀರಿಗೆ ಏನೇನು ತಪ್ಪಿಹೋಗುತ್ತೆ ಅಂತ ಲೆಕ್ಕ ಹಾಕೋಕೆ ಆಗಲ್ಲ. ಅದಕ್ಕೇ ಕ್ವೀನ್ಸ್‌ಗೆ ವಾಪಸ್ ಬಂದಿದ್ದು ನನಗೆ ಬರೀ ಒಂದು ಹೊಸ ಈವೆಂಟ್ ಅನ್ನಿಸಲಿಲ್ಲ.

ಒಪ್ಪಿಗೆ ಆಗದೇ ಇರೋದೂ ಹೇಳ್ಬೇಕು. ಬಹುಮಾನದ ದುಡ್ಡು. 2025ರಲ್ಲಿ ಹೆಣ್ಮಕ್ಕಳ ವಾರಕ್ಕೆ ಒಟ್ಟು 14 ಲಕ್ಷ ಡಾಲರ್ ಚಿಲ್ಲರೆ, ಮುಂದಿನ ವಾರ ಅದೇ ಹುಲ್ಲಲ್ಲಿ ಗಂಡಸರಿಗೆ 25 ಲಕ್ಷ ಯೂರೋ ಚಿಲ್ಲರೆ, ಅಂದ್ರೆ ಹತ್ತಿರ ಹತ್ತಿರ ದುಪ್ಪಟ್ಟು. ಎರಡೂ 500 ದರ್ಜೆನೇ, ಒಂದೇ ಕೋರ್ಟು. 2029ರ ಹೊತ್ತಿಗೆ ಸಮ ಮಾಡ್ತೀವಿ ಅಂದಿದಾರೆ. ವಿಂಬಲ್ಡನ್ 2007ರಲ್ಲೇ ಸಮ ಮಾಡಿದೆ, ಇಲ್ಲಿ 2029ರವರೆಗೆ ಯಾಕೆ ಕಾಯ್ಬೇಕು ಅಂತ ನಾನು ಕೇಳ್ತೀನಿ. ಇನ್ನೊಂದು, ಹೆಣ್ಮಕ್ಕಳು ಒಂದು ವಾರ ಮೊದಲು ಆಡಿದ್ರೆ ಹುಲ್ಲು ಹಾಳಾಗುತ್ತೆ, ಗಂಡಸರಿಗೆ ತೊಂದ್ರೆ ಅಂತ ಮುಂಚೆ ಮಾತು ಬಂದಿತ್ತು. ಮುಂದಿನ ವಾರ ಸ್ಪೇನಿನ ಆಟಗಾರ ಅಲ್ಕರಾಜ್ ಅದೇ ಹುಲ್ಲಲ್ಲಿ ಆಡಿ ಗೆದ್ರು, ಚೆನ್ನಾಗೇ ಇತ್ತು. ಆ ಮಾತು ಅಲ್ಲಿಗೆ ಮುಗೀಬೇಕು.

ಹೋಗೋರಿಗೆ ಇನ್ನೂ ನಾಲ್ಕು ಮಾತು. ಸ್ಟ್ಯಾಂಡುಗಳು ಟೂರ್ನಮೆಂಟಿಗೆ ಅಂತ ಕಟ್ಟೋ ತಾತ್ಕಾಲಿಕ ಸ್ಟ್ಯಾಂಡು, ಮೆಟ್ಟಿಲು ಕಡಿದು, ವಯಸ್ಸಾದವರನ್ನ ಕರ್ಕೊಂಡು ಹೋಗೋದಾದ್ರೆ ಕೆಳಗಿನ ಸಾಲು, ಅದೂ ದಾರಿ ಪಕ್ಕದ ಸೀಟು ನೋಡಿ ತಗೊಳ್ಳಿ, ನಾನು ಮೇಲೆ ತಗೊಂಡು ಅಮ್ಮನ್ನ ಎರಡು ಸಲ ಹತ್ತಿಸಿ ಇಳಿಸಿದೆ, ಪಾಪ ರಾತ್ರಿ ಮಂಡಿಗೆ ಎಣ್ಣೆ ಹಚ್ಚಿಸ್ಕೊಂಡ್ರು. ಮೇಲೆ ಚಾವಣಿ ಇಲ್ಲ, ಜೂನ್ ಬಿಸಿಲು ಇಲ್ಲೂ ಸುಡುತ್ತೆ, ಟೋಪಿ, ನೀರಿನ ಬಾಟ್ಲು ಮರೀಬೇಡಿ, ಮಳೆ ಬಂದ್ರೆ ಆಟ ನಿಲ್ಲುತ್ತೆ, ಹಂಗಾಗಿ ಒಂದು ರೇನ್‌ಕೋಟೂ ಇರ್ಲಿ. ಪಾಯಿಂಟ್ ನಡೀತಿರುವಾಗ ಏಳೋ ಹಾಗಿಲ್ಲ, ಸೈಡ್ ಬದಲಾಯಿಸುವಾಗ ಮಾತ್ರ ಒಳಗೆ ಹೊರಗೆ ಬಿಡ್ತಾರೆ, ಮಕ್ಕಳಿದ್ರೆ ಮೊದಲೇ ಬಾತ್‌ರೂಮಿಗೆ ಕರ್ಕೊಂಡು ಹೋಗಿ. ಬೆಳಗ್ಗೆ ಗೇಟ್ ತೆಗೆದ ತಕ್ಷಣ ಹೋದ್ರೆ ಪ್ರ್ಯಾಕ್ಟೀಸ್ ಆರಾಮಾಗಿ ನೋಡಬಹುದು.

ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಆ ಅರ್ಧ ಯಾಕೆ ಹಿಡ್ಕೊಂಡಿದೀನಿ ಅಂದ್ರೆ ಬಹುಮಾನದ ದುಡ್ಡಿಗೆ, ಅದು ಸಮ ಆದ ದಿನ ಇಲ್ಲೇ ಬಂದು ಐದು ಮಾಡ್ತೀನಿ.

ವಿಂಬಲ್ಡನ್‌ನಲ್ಲಿ ಏನಾಯ್ತು ಅಂತ ಕೆಲವರು ಕೇಳಿದ್ರು. ಮರಿಯಾ ಮೊದಲ ಸುತ್ತಲ್ಲೇ ಸೋತ್ರು. ಕ್ವೀನ್ಸ್ ಫೈನಲ್‌ನಲ್ಲಿ ಅವರ ಕೈಲಿ ಸೋತಿದ್ದ ಅನಿಸಿಮೋವಾ ಸೆಮಿಫೈನಲ್‌ನಲ್ಲಿ ಆಗಿನ ನಂಬರ್ ಒನ್ ಸಬಲೆಂಕಾ ಅವರನ್ನೇ ಸೋಲಿಸಿ ಫೈನಲ್‌ವರೆಗೂ ಹೋದ್ರು, ಅಲ್ಲಿ ಇಗಾ ಶ್ವಿಯಾಂಟೆಕ್ ಎದುರು ಒಂದೂ ಗೇಮ್ ಸಿಗದೆ 6-0, 6-0, ಐವತ್ತೇಳು ನಿಮಿಷ. ಅಷ್ಟೊತ್ತಿಗೆ ಅಮ್ಮ ಮೈಸೂರಿಗೆ ವಾಪಸ್ ಹೋಗಿದ್ರು. ಅವತ್ತು ರಾತ್ರಿ ಫೋನ್ ಮಾಡಿದ್ರು, ಸ್ಕೋರ್ ಅವರಿಗೆ ಆಗ್ಲೇ ಗೊತ್ತಿತ್ತು. "ಆ ಹುಡುಗಿ ತುಂಬಾ ಅತ್ತಳಾ?" ಅಂತ ಕೇಳಿದ್ರು. ಅತ್ತಳು ಅಮ್ಮ ಅಂದೆ. ಸುಮ್ನಿದ್ದು, ಪಕ್ಕದ ಬೀದಿಯಲ್ಲಿ ಹೆಂಗಸರು ಸಾಯಂಕಾಲ ಶಟ್ಲ್ ಆಡ್ತಾರೆ, ಎರಡು ದಿನದಿಂದ ಹೋಗಿ ನಿಂತ್ಕೊಂಡು ನೋಡ್ತಾ ಇದೀನಿ, ಬ್ಯಾಟ್ ಎಲ್ಲಿ ತಗೊಳ್ಳೋದು ಅಂತ ನಿಮ್ಮಪ್ಪನ್ನ ಕೇಳಿದೆ ಅಂದ್ರು.